ಮೇಲಿನ ಮನೆಯ ಬಾಕಿ

ಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಮೂರಂತಸ್ತಿನ ಆ ಕಿರಿದಾದ ಕಟ್ಟಡದ ತಾರಸಿಯಲ್ಲಿ ಹೆಂಗಸೊಬ್ಬರು ನೀರಿನ ಟ್ಯಾಂಕಿನೊಳಗೆ ಅರ್ಧ ಮೈ ಇಳಿಸಿ, ಹಟ ಹಿಡಿದ ವಾಲ್ವಿನ ಜೊತೆ ಗುದ್ದಾಡುತ್ತಿದ್ದಾರೆ. ಒಳಗಿನಿಂದ ಬೈಗುಳ ಗುಂಯ್ಗುಡುತ್ತದೆ. ಕೊನೆಗೆ ತೊಯ್ದ ತಲೆ ಮೇಲೆ ಬರುತ್ತದೆ. "ಇದಕ್ಕೂ ನನ್ನ ವಯಸ್ಸೇ ಆಗಿದೆ. ಹೇಳಿದ ಮಾತು ಕೇಳಲ್ಲ" ಎಂದು ನಗುತ್ತಾರೆ.

ಎಲ್ಲರ ಬಾಯಲ್ಲೂ ಇವರು ಓನರ್ ಅಕ್ಕ. ಓನರ್ ಎಂದರೆ ಕಾಲ ಮೇಲೆ ಕಾಲು ಹಾಕಿ ಕೂರುವವರು ಎಂದುಕೊಂಡರೆ ತಪ್ಪು. ಮೆಟ್ಟಿಲು ತೊಳೆಯುವುದು, ಕಟ್ಟಿಕೊಂಡ ಮೋರಿ ಬಿಡಿಸುವುದು, ಉದುರಿದ ಗಾರೆಗೆ ತೇಪೆ ಹಚ್ಚುವುದು, ಎಲ್ಲವೂ ಅವರದೇ. "ಒಡತಿನೂ ನಾನೇ, ಆಳೂ ನಾನೇ. ಸಂಬಳ ಮಾತ್ರ ಇಬ್ರಿಗೂ ಇಲ್ಲ" ಎನ್ನುತ್ತಾರೆ.

ಗಂಡ ಗಾರೆ ಕೆಲಸದವರು. ಊರವರ ಮನೆಗಳನ್ನೆಲ್ಲ ಕಟ್ಟಿ, ಕೊನೆಗೆ ಬ್ಯಾಂಕಿನ ಸಾಲದಲ್ಲಿ ತಮ್ಮದನ್ನೂ ಕಟ್ಟಿದರು. ಬಣ್ಣ ಹೊಡೆಸುವ ಮೊದಲೇ ತೀರಿಕೊಂಡರು. ಅಕ್ಕನಿಗೆ ಉಳಿದದ್ದು ಕಟ್ಟಡ, ಸಾಲ, ಗಾರೆ ಮೆತ್ತುವ ಒಂದು ಕರಣೆ. ಕೆಳಗೆ ತಾವು ಮತ್ತು ಮಗಳು, ಮೇಲೆರಡು ಮನೆ ಬಾಡಿಗೆಗೆ. ಬಾಡಿಗೆ ಬಂದರೆ ಬ್ಯಾಂಕಿಗೆ ಕಂತು, ಉಳಿದದ್ದರಲ್ಲಿ ಒಲೆ. ಹೇಗೋ ಸಾಗುತ್ತಿತ್ತು.

ಆಮೇಲೆ ಸೋಂಕು ಬಂತು, ಊರು ಬಾಗಿಲು ಹಾಕಿಕೊಂಡಿತು. ಬಾಡಿಗೆದಾರರನ್ನು ಹೊರಹಾಕಬೇಡಿ ಎಂದು ಸರ್ಕಾರ ಹೇಳಿತು. ಕಂತನ್ನು ಮುಂದೆ ಕಟ್ಟಬಹುದು ಎಂದು ಬ್ಯಾಂಕಿನವರು ಹೇಳಿದರು; ಬಡ್ಡಿ ನಿಲ್ಲುತ್ತದೆ ಎಂದು ಮಾತ್ರ ಹೇಳಲಿಲ್ಲ. ಎರಡೂ ಮನೆಗಳಿಂದ ಬಾಡಿಗೆ ನಿಂತಿತು.

ನಡುವಿನ ಮನೆಯಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಡ್ರೈವರ್ ಸಂಸಾರವಿತ್ತು. ಆತ ಕೆಳಗಿಳಿದು ಬಂದು, ಬಾಗಿಲಲ್ಲೇ ನಿಂತು ಕಣ್ಣೀರು ಹಾಕಿದರು. "ಶಾಲೆನೇ ಇಲ್ಲ ಅಕ್ಕಾ, ಎಲ್ಲಿಂದ ತರ್ಲಿ? ಕೂಲಿ ಏನಾದ್ರೂ ಸಿಗುತ್ತಾ ನೋಡ್ತೀನಿ." ಆದಾಗ ಕೊಡಿ ಎಂದು ಅಕ್ಕ ಕಳಿಸಿದರು.

ಮೇಲಿನ ಮನೆಯವರದು ಬೇರೆಯೇ ಕಥೆ. ಆತ ಔಷಧಿ ಕಂಪನಿಯ ಮಾರಾಟ ಪ್ರತಿನಿಧಿ. ದಿನವೂ ಮಿರಮಿರ ಮಿಂಚುವ ಬೂಟು, ಹೆಗಲಿಗೆ ಚೀಲ. ಅಕ್ಕನ ಮಗಳು ಅವರಿಗೆ ಬೂಟಪ್ಪ ಎಂದೇ ಹೆಸರಿಟ್ಟಿದ್ದಳು. ಬೀದಿಯೆಲ್ಲ ಮನೆಯೊಳಗೆ ಕೂತಿದ್ದಾಗಲೂ ಅವರು ಟಕಟಕ ಮೆಟ್ಟಿಲಿಳಿದು ಹೋಗುತ್ತಿದ್ದರು. ಬಾಡಿಗೆ ಕೇಳಿದರೆ ಒಂದೇ ಮಾತು: "ಬರೋ ತಿಂಗಳು ಅಕ್ಕಾ."

"ನನಗೆ ಆ ಬೂಟಿನ ಸದ್ದು ಕೇಳಿದ್ರೇನೇ ಮೈ ಉರೀತಿತ್ತು" ಎಂದು ಅಕ್ಕ ನೆನೆಯುತ್ತಾರೆ. "ದುಡಿಯೋನು ಕೊಡಲ್ಲ, ದುಡಿಮೆ ಇಲ್ಲದೋನು ಅಳ್ತಾನೆ. ನನ್ನ ಲೆಕ್ಕದಲ್ಲಿ ಕಳ್ಳ ಯಾರು ಅಂತ ತೀರ್ಮಾನ ಆಗೋಗಿತ್ತು."

ಒಂದು ಬೆಳಿಗ್ಗೆ ಅವರು ತಾರಸಿಗೆ ಹೋಗಿ ಮೇಲಿನ ಮನೆಯ ನೀರಿನ ಪೈಪು ಬಂದ್ ಮಾಡಿದರು. ಬೂಟಪ್ಪನ ಹೆಂಡತಿ ಎರಡು ಬಕೆಟ್ ಹಿಡಿದು ಕೆಳಗೆ ಬಂದು, ಅಂಗಳದ ನಲ್ಲಿಯಲ್ಲಿ ತುಂಬಿಸಿಕೊಂಡು ಮೆಟ್ಟಿಲು ಹತ್ತಿದರು. ಜಗಳವಾಡಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೇನೋ. "ಅಮ್ಮಾ, ಇದು ಸರಿಯಲ್ಲ" ಎಂದಳು ಮಗಳು. "ಹಾಗಾದ್ರೆ ಬ್ಯಾಂಕಿಗೆ ನೀನೇ ಹೋಗಿ ಹೇಳು" ಎಂದು ಅಕ್ಕ ರೇಗಿದರು.

ವಾರ ಕಳೆಯುವಷ್ಟರಲ್ಲಿ ಮೇಲಿನ ಮನೆ ತಾನಾಗಿಯೇ ಖಾಲಿಯಾಯಿತು. ಬೂಟಪ್ಪ ಎರಡೂ ಕೈಯಿಂದ ಬೀಗದ ಕೈ ಕೊಟ್ಟು, "ಬಾಕಿ ತೀರಿಸ್ತೀನಿ ಅಕ್ಕಾ" ಎಂದರು. ಅಕ್ಕ ಮುಖ ತಿರುಗಿಸಿಕೊಂಡರು.

ಶಾಲೆಗಳು ತೆರೆದ ಮೇಲೆ ಡ್ರೈವರ್ ಒಂದು ಸಂಜೆ ಬಂದು ಅಷ್ಟೂ ಬಾಡಿಗೆಯನ್ನು ಒಟ್ಟಿಗೆ ಕೈಗಿಟ್ಟರು. ಎಲ್ಲಿಂದ ಬಂತೆಂದು ಕೇಳಿದಾಗ ನಿಜ ಹೊರಬಿತ್ತು. ಆ ತಿಂಗಳುಗಳಲ್ಲಿ ಅವರ ವ್ಯಾನು ಖಾಲಿ ನಿಂತಿರಲಿಲ್ಲ. ಸೀಟು ಕಿತ್ತು, ಆಸ್ಪತ್ರೆಯಿಂದ ಸುಡುಗಾಡಿಗೆ ಸೋಂಕಿನಿಂದ ಸತ್ತವರ ಹೆಣ ಸಾಗಿಸುತ್ತಿದ್ದರು.

"ಬಾಡಿಗೆ ಕೊಟ್ಟಿದ್ರೆ ಎಲ್ಲಿ ದುಡೀತಿದೀಯ ಅಂತ ಕೇಳ್ತಿದ್ರಿ. ಹೇಳಿದ್ರೆ ಆವತ್ತೇ ಹೊರಗೆ ಹಾಕ್ತಿದ್ರಿ. ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಅಕ್ಕ ಇದನ್ನು ಮುಚ್ಚಿಡುವುದಿಲ್ಲ. "ಹಾಕ್ತಿದ್ದೆ ಅನ್ಸುತ್ತೆ. ಎಲ್ಲಾ ಮುಗಿದ ಮೇಲೆ ಹೇಳಿದ್ರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ ನೋಡಿ!"

ಡ್ರೈವರ್ ಹೊರಡುವ ಮುನ್ನ ತಡವರಿಸುತ್ತ ಇನ್ನೊಂದು ಮಾತು ಹೇಳಿದರು. ಮೇಲಿನ ಮನೆಯವರನ್ನು ಅವರು ದಿನವೂ ನೋಡುತ್ತಿದ್ದರಂತೆ, ಮುಚ್ಚಿದ ಬಸ್ ನಿಲ್ದಾಣದ ಬೆಂಚಿನ ಮೇಲೆ. ಡಾಕ್ಟರುಗಳು ಯಾರನ್ನೂ ಒಳಗೆ ಬಿಡದಿದ್ದಾಗ ಕಂಪನಿ ಮೊದಲು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದು ಪ್ರತಿನಿಧಿಗಳನ್ನು. ಹೆಂಡತಿಗೆ ಹೇಳಲಾಗದೆ, ಆತ ಬೂಟು ತಿಕ್ಕಿಕೊಂಡು ಬಂದು ಸಂಜೆಯವರೆಗೆ ಅಲ್ಲಿ ಕೂರುತ್ತಿದ್ದರು. "ಅವರು ನನ್ನ ವ್ಯಾನ್ ನೋಡಿದ್ರು, ನಾನು ಅವರನ್ನ ನೋಡಿದೆ. ಇಬ್ರೂ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ."

ಅಂದು ಅಕ್ಕ ಹಣವನ್ನು ಮಡಿಲಲ್ಲಿಟ್ಟುಕೊಂಡು ದೀಪ ಹಚ್ಚುವುದನ್ನೂ ಮರೆತು ಕೂತಿದ್ದರು. ದುಡಿಯುತ್ತಿದ್ದವನನ್ನು ಪಾಪ ಎಂದುಕೊಂಡಿದ್ದರು. ಪಾಪದವನ ನೀರು ನಿಲ್ಲಿಸಿದ್ದರು. "ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ? ನನ್ನ ಮೇಲೇನಾ? ನನಗೂ ಸಾಲ ಇತ್ತಲ್ವಾ? ಇವತ್ತಿಗೂ ತಲೆಬುಡ ತಿಳೀತಿಲ್ಲ" ಎನ್ನುತ್ತಾರೆ.

ವಿಚಾರಿಸಿ, ವಿಚಾರಿಸಿ, ಊರಾಚೆ ಒಂದು ಒಂಟಿ ಕೋಣೆಯಲ್ಲಿ ಆ ದಂಪತಿಯನ್ನು ಪತ್ತೆ ಹಚ್ಚಿದರು. ಹೇಳಬೇಕಾದ ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದರು. ಬಾಗಿಲು ತೆರೆದಾಗ ಎದುರಿಗಿದ್ದದ್ದು ಸೊರಗಿದ ಮುಖದ, ಬರಿಗಾಲಿನ ಬೂಟಪ್ಪ. ಬಾಯಿಪಾಠವೆಲ್ಲ ಹಾರಿಹೋಗಿ, ವರ್ಷಗಳ ರೂಢಿಯ ಮಾತೊಂದು ಹೊರಗೆ ಬಿತ್ತು:

"ಬಾಕಿ ಯಾವಾಗ ಕೊಡ್ತೀರಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅಕ್ಕನಿಗೆ. ಆದರೆ ಬೂಟಪ್ಪ ನೆಟ್ಟಗೆ ನಿಂತರು. ಬಹಳ ದಿನಗಳಿಂದ ಅವರನ್ನು ಕಂಡವರೆಲ್ಲ ಅಯ್ಯೋ ಎಂದಿದ್ದರೇ ಹೊರತು, ಕೊಡಬಲ್ಲ ಮನುಷ್ಯನೆಂದು ಯಾರೂ ಕೇಳಿರಲಿಲ್ಲ. "ಕೊಡ್ತೀನಿ ಅಕ್ಕಾ. ಒಳಗೆ ಬನ್ನಿ" ಎಂದರು. ಹೆಂಡತಿ ಚಹಾ ತಂದರು. ನೀರಿನ ವಿಷಯ ಯಾರೂ ಎತ್ತಲಿಲ್ಲ.

ಈಗ ಬೂಟಪ್ಪ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ತಿಂಗಳಿಗೊಮ್ಮೆ ಬಂದು ಕೈಲಾದಷ್ಟು ಕೊಡುತ್ತಾರೆ. ಒಮ್ಮೊಮ್ಮೆ ಹೆಂಡತಿಯೂ ಬರುತ್ತಾರೆ. ತಗೊಳ್ಳುವುದು ಸರಿಯೋ, ಬೇಡವೆನ್ನುವುದು ಸರಿಯೋ ಅಕ್ಕನಿಗೆ ಬಗೆಹರಿದಿಲ್ಲ. ಒಮ್ಮೆ ಬೇಡವೆಂದಾಗ ಆತನ ಮುಖ ಇಳಿದುಹೋಯಿತಂತೆ. ಅಂದಿನಿಂದ ಸುಮ್ಮನೆ ಕೈ ಚಾಚುತ್ತಾರೆ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಅಕ್ಕ ಒದ್ದೆ ಕೂದಲನ್ನು ಗಂಟು ಕಟ್ಟುತ್ತ ಯೋಚಿಸುತ್ತಾರೆ.

"ಆ ಬಾಕಿ ಬೇಗ ತೀರದೇ ಇರ್ಲಿ. ತೀರೋಯ್ತು ಅಂದ್ರೆ, ಆಮೇಲೆ ಅವರು ಏನು ನೆಪ ಹೇಳ್ಕೊಂಡು ಬರ್ತಾರೆ, ಹೇಳಿ?"