ಜಿಜಾಬಾಯಿಯ ಎಮ್ಮೆಗೆ ಹುಚ್ಚು ಹಿಡಿದದ್ದು

ಔರಾದ ತಾಲ್ಲೂಕಿನ ಡಾಬಕಾದಲ್ಲಿ ಸುಭದ್ರಾಬಾಯಿಗೆ ನೆರೆಮನೆಯ ಜಿಜಾಬಾಯಿಯ ಮೇಲೆ ಹೊಟ್ಟೆಕಿಚ್ಚು ಇದ್ದದ್ದು ಊರಿಗೆಲ್ಲ ಗೊತ್ತಿತ್ತು. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಎಪ್ಪತ್ತೆರಡರ ಬರಗಾಲದಲ್ಲಿ ಸುಭದ್ರಾಬಾಯಿಯ ಗಂಡ ಮಾಣಿಕ ಪುಣೆಗೆ ಕೂಲಿಗೆ ಹೋದ. ಜಿಜಾಬಾಯಿಯ ಗಂಡ ಕಾಶೀರಾಮ ಊರಲ್ಲೇ ಉಳಿದ. ಅದನ್ನಾದರೂ ಸುಭದ್ರಾಬಾಯಿ ಸಹಿಸಿದಳು. ಎಮ್ಮೆಯನ್ನು ಸಹಿಸಲಾಗಲಿಲ್ಲ. ಊರ ದನಗಳೆಲ್ಲ ಎಲುಬಿನ ಗೂಡಾಗಿದ್ದಾಗಲೂ ಜಿಜಾಬಾಯಿಯ ಎಮ್ಮೆ ಹಾಲು ಕೊಡುತ್ತಿತ್ತು. ಬೆಳಗಾದರೆ ಓಣಿಯ ಜನ ತಂಬಿಗೆ ಹಿಡಿದು ಆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಸುಭದ್ರಾಬಾಯಿ ಮಾತ್ರ ಕರಿ ಚಹಾ ಕುಡಿದಳು.

"ಆ ಹಾಲಿಗಿ ಹೊಗಿ ವಾಸನಿ ಬರ್ತದ," ಎನ್ನುತ್ತಿದ್ದಳು, ಒಮ್ಮೆಯೂ ಮೂಸಿ ನೋಡದೆ.

ಆ ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ನರಿಗಳು ಊರೊಳಗೆ ಬಂದವು. ಒಂದು ನರಿ ಹಾಡುಹಗಲೇ ಬಾಯಲ್ಲಿ ನೊರೆ ಸುರಿಸುತ್ತ ನಾಯಿಗಳನ್ನು ಕಚ್ಚಿತು. ಆ ನಾಯಿಗಳಲ್ಲೊಂದು ಎಮ್ಮೆಯ ಮೂತಿಗೆ ಬಾಯಿ ಹಾಕಿತು. ಕಾಶೀರಾಮ ಗಾಯಕ್ಕೆ ಅರಿಸಿನ ಮೆತ್ತಿದ. ಆಮೇಲೆ ಎಲ್ಲರೂ ಮರೆತರು.

ಕೆಲವು ವಾರ ಕಳೆದು ಒಂದು ಮುಂಜಾನೆ ಎಮ್ಮೆ ಗೂಟ ಕಡಿಯತೊಡಗಿತು. ಮನುಷ್ಯರು ಅತ್ತಂತೆ ದನಿ ತೆಗೆದು, ಹಗ್ಗ ಹರಿದು, ಹಾಲಿಗೆ ನಿಂತವರ ಮೇಲೇ ನುಗ್ಗಿತು. ಓಣಿಯ ತುಂಬ ತಂಬಿಗೆಗಳು ಉರುಳಿದವು. ದಿನಾ ಅದರ ಕೋಡಿಗೆ ಎಣ್ಣೆ ಹಚ್ಚುತ್ತಿದ್ದ ಕಾಶೀರಾಮ "ಬಾ ನನ್ನವ್ವ, ಬಾ" ಎಂದು ಕೈ ಚಾಚಿ ನಿಂತ. ಮರುಕ್ಷಣ ಅವನು ಬೇವಿನ ಮರದ ಮೇಲಿದ್ದ, ಅವನ ಧೋತರ ಎಮ್ಮೆಯ ಕೋಡಿನ ಮೇಲಿತ್ತು. ಆ ಧೋತರ ಹಾರಿಸಿಕೊಂಡೇ ಅದು ಮುದುಕ ಗೋರಖನಾಥನ ತೊಡೆ ಸೀಳಿತು. ಓಣಿಯೆಲ್ಲ ಮಾಳಿಗೆ ಹತ್ತಿ ಕೂತಿತು. ಕೊನೆಗೆ ಎಮ್ಮೆ ಸುಭದ್ರಾಬಾಯಿಯ ಮಣ್ಣಿನ ಗೋಡೆಗೆ ಗುದ್ದಿ ಗುದ್ದಿ, ಗೋಡೆಯನ್ನೂ ಕೆಡವಿ, ತಾನೂ ಬಿದ್ದು ಸತ್ತಿತು. ಗೋಡೆ ಹೋದರೂ ಸುಭದ್ರಾಬಾಯಿಯ ಮನಸ್ಸು ಹಗುರಾಯಿತು.

ಮರುದಿನ ಹಾಲು ಕುಡಿದವರನ್ನೆಲ್ಲ, ಹುಚ್ಚು ಅಂಟದಂತೆ ಸೂಜಿ ಹಾಕಿಸಲು, ಬೀದರಿಗೆ ಒಯ್ಯುವ ಲಾರಿ ಬಂತು. ದಿನಾ ಹೊಟ್ಟೆಗೆ ಸೂಜಿ. ಮುಗಿಯುವವರೆಗೆ ಬೀದರಿನ ಪಕ್ಕದ ನೌಬಾದದಲ್ಲಿ ವಸತಿ, ಎರಡು ಹೊತ್ತು ಊಟ, ನಲ್ಲಿ ನೀರು. ಜಿಜಾಬಾಯಿ ಗಂಡನ ಜೊತೆ ಮುಂದಿನ ಸೀಟಿನಲ್ಲಿ ಕೂತಿದ್ದಳು; ಜನ ಆಕೆಗೆ ಸಮಾಧಾನ ಹೇಳುತ್ತಿದ್ದರು. ಎಮ್ಮೆ ಸತ್ತ ಮೇಲೂ ಇವಳದೇ ಮೆರೆದಾಟ ಎಂದು ಸುಭದ್ರಾಬಾಯಿಗೆ ಉರಿಯಿತು. ಸೆರಗು ಸಿಕ್ಕಿಸಿ ಲಾರಿ ಹತ್ತಿಬಿಟ್ಟಳು.

ಆಸ್ಪತ್ರೆಯಲ್ಲಿ ನರ್ಸ್ ದೇಬೋರಾ ಕೇಳಿದಳು: "ನೀವೂ ಹಾಲು ಕುಡದೀರೇನ್ರಿ?"

"ದಿನಾ ಕುಡದೀನ್ರಿ. ತಂಬಿಗಿ ತುಂಬ."

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ದೇಬೋರಾ ಜಿಜಾಬಾಯಿಯತ್ತ ತಿರುಗಿದಳು. "ಖರೇನೇನ್ರಿ ಬಾಯಿ? ಈ ಸೂಜಿ ಭಾಳ ನೋಯ್ತದ್ರಿ."

ಜಿಜಾಬಾಯಿ ಸುಭದ್ರಾಬಾಯಿಯನ್ನೊಮ್ಮೆ ನೋಡಿ, "ಕುಡದಾಳ್ರಿ," ಎಂದಳು. "ನಮ್ಮ ಎಮ್ಮಿ ಹಾಲು ಯಾರ ಬ್ಯಾಡ ಅಂತಾರ್ರಿ?"

ಮೊದಲ ಸೂಜಿಗೇ ಸುಭದ್ರಾಬಾಯಿ ಆಸ್ಪತ್ರೆ ಎದ್ದು ಕೂರುವಂತೆ ಚೀರಿದಳು. ಮರುದಿನ "ಹನಿ ಹಾಲೂ ಕುಡದಿಲ್ರಿ ಯವ್ವಾ" ಎಂದು ಕಾಲಿಗೆ ಬಿದ್ದಳು. "ಅಂಜಿದವರೆಲ್ಲ ಹಂಗೇ ಅಂತಾರ್ರಿ," ಎಂದು ದೇಬೋರಾ ಎರಡನೆಯದನ್ನೂ ಚುಚ್ಚಿದಳು.

ಆ ಮಧ್ಯಾಹ್ನ ನೌಬಾದದಲ್ಲಿ ಜಿಜಾಬಾಯಿ ಸುಭದ್ರಾಬಾಯಿಯ ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು.

"ನೀ ಯಾಕ ಸುಳ್ಳು ಹೇಳಿದಿ?" ಎಂದು ಸುಭದ್ರಾಬಾಯಿ ಮುಲುಗಿದಳು.

"ಎಲ್ಲರ ಮುಂದ ನಿನ್ನ ಮಾನ ಹೋಗ್ತಿತ್ತು. ಮತ್ತ, ನಿನಗೂ ಒಂದೀಟು ನೋಯ್ಲಿ ಅಂತನೂ ಅನಿಸ್ತು."

"ನನಗ್ಯಾಕ?"

"ನಿನ್ನ ಗಂಡ ಪುಣಾದಿಂದ ಹಸರು ಸೀರಿ ಕಳಿಸ್ಯಾನ. ನನ್ನವ ದಿನಾ ಎಮ್ಮಿ ಕೋಡಿಗಿ ಎಣ್ಣಿ ಹಚ್ಚಿದ, ನನ್ನ ತಲಿಗಿ ಒಂದಿನಾನೂ ಹಚ್ಚಲಿಲ್ಲ. ಆ ಎಮ್ಮಿ ಸತ್ತಾಗ ನನಗೂ ಒಳಗ ಖುಷಿ ಆತು, ಸುಭದ್ರಾ."

ಸುಭದ್ರಾಬಾಯಿ ನಕ್ಕಳು, ನಕ್ಕರೆ ಹೊಟ್ಟೆ ಇನ್ನಷ್ಟು ನೋಯುತ್ತಿತ್ತು.

ಗೋರಖನಾಥ ಉಳಿಯಲಿಲ್ಲ. ಉಳಿದವರಿಗೆ ಏನೂ ಆಗಲಿಲ್ಲ. ಬರ ಮುಗಿಯುವವರೆಗೆ ಇಬ್ಬರು ಹೆಂಗಸರೂ ಊರಿಗೆ ಮರಳದೆ, ಬೀದರಿನ ಕಾಳಿನ ಪೇಟೆ ಗಾಂಧಿ ಗಂಜದಲ್ಲಿ ಕೂಲಿಗೆ ತೊಗರಿ ಹಸನು ಮಾಡಿದರು. ಅಲ್ಲಿಯೂ ಜಿಜಾಬಾಯಿಯ ಮೊರವೇ ಹಗುರ ಎಂದು ಸುಭದ್ರಾಬಾಯಿ ದಿನಾ ಜಗಳ ತೆಗೆಯುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಭಾಲ್ಕಿಯ ಮಗಳ ಮನೆಯಲ್ಲಿ ಜಿಜಾಬಾಯಿ ತೀರಿಕೊಂಡಾಗ, ಸುಭದ್ರಾಬಾಯಿ ಮೊದಲ ಬಸ್ಸಿಗೇ ಹೋದಳು. ಓಣಿಗೆ ಕೇಳುವಂತೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಬಂದ ಜನರನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಪಕ್ಕದವಳಿಗೆ ಮೆಲ್ಲಗೆ ಹೇಳಿದಳು: "ಎಷ್ಟು ಮಂದಿ ಬಂದಾರ ನೋಡು ಈಕಿಗಿ. ನನಗ ಇಷ್ಟು ಬರೂದಿಲ್ಲ ತಗೋ."