ಎರಡು ಸ್ಪೀಕರುಗಳ ನಡುವಿನ ಜಾಗ

ಯಲಹಂಕದ ನಮ್ಮ ಮನೆಯ ಹಜಾರದಲ್ಲಿ, ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪಿನಿಂದ ನೆಲಕ್ಕೆ ಅಂಟಿಸಿದ ಎರಡು ಚೌಕಗಳಿವೆ. ಸ್ಪೀಕರುಗಳು ಬಂದು ನಿಲ್ಲಬೇಕಾದ ಜಾಗವೆಂದು ನಾನೇ ಮಾಡಿಟ್ಟ ಗುರುತು. ನೆಲ ಒರೆಸಿದಷ್ಟೂ ಅಂಚುಗಳು ಎದ್ದು ಬರುತ್ತವೆ, ನಾನು ಮತ್ತೆ ಒತ್ತಿ ಕೂರಿಸುತ್ತೇನೆ. ಅವೆರಡರ ನಡುವೆ, ಗೋಡೆಯ ಬದಿಗೆ, ಅಮ್ಮನ ಆಕ್ಸಿಜನ್ ಯಂತ್ರವಿದೆ: ನೋಡಲು ಚಕ್ರವುಳ್ಳ ಪೆಟ್ಟಿಗೆ, ಕೇಳಲು ಎಂದೂ ಮುಗಿಯದ ನಿಟ್ಟುಸಿರು. ಸ್ಪೀಕರು ಬಂದ ದಿನ ಅದನ್ನು ಮಲಗುವ ಕೋಣೆಗೆ ತಳ್ಳಿ, ಕೊಳವೆಯನ್ನಷ್ಟೇ ಹಜಾರಕ್ಕೆ ಎಳೆಯುವುದೆಂದು ಮೊದಲು ನಿಶ್ಚಯಿಸಿದ್ದೆ.

ಅಮ್ಮ ಹಾಡುತ್ತಿದ್ದವಳು. ನಾವು ಮಾಕಳಿಯಲ್ಲಿದ್ದ ಕಾಲದಲ್ಲಿ ಬೀದಿಯ ಯಾವ ಮನೆಯ ಅರಿಶಿನದ ಶಾಸ್ತ್ರವೂ, ಯಾವ ಮದುಮಗಳ ಆರತಿಯೂ ಅವಳ ದನಿಯಿಲ್ಲದೆ ಕಳೆಗಟ್ಟುತ್ತಿರಲಿಲ್ಲ. ಈಗ ಅವಳು ಒಂದು ವಾಕ್ಯವನ್ನೂ ಕಂತುಕಂತಾಗಿ ಮುಗಿಸುತ್ತಾಳೆ. ಚಿಕ್ಕಪ್ಪನ ಮದುವೆಯ ಅರಿಶಿನದ ದಿನ ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ ಅವಳ ಹಾಡೊಂದನ್ನು ನಾನು ಈಚೆಗೆ ಪೆನ್ ಡ್ರೈವಿಗೆ ಇಳಿಸಿಕೊಂಡು ಮೊಬೈಲಿನಲ್ಲಿ ಕೇಳಿಸಿದಾಗ, "ಇದು ನಾನಲ್ಲ ಕಣೇ, ಡಬ್ಬಿಯೊಳಗೆ ಕೂತಿರೋ ಇನ್ಯಾರೋ," ಎಂದು ಮುಖ ತಿರುಗಿಸಿದಳು. ಅವಳ ಕಂಠವನ್ನು ಅವಳಿಗೇ ಹಿಂದಿರುಗಿಸಬೇಕೆಂಬ ಹಟದಿಂದ ಹುಟ್ಟಿದ್ದು ನನ್ನ ಈ ಸ್ಪೀಕರಿನ ಹುಚ್ಚು.

ಗೆಳೆಯರೇ, ಸೀರೆ ಕೊಳ್ಳಲು ಹೋದರೆ ಅಂಗಡಿಯವನು ಇಡೀ ಕಪಾಟನ್ನೇ ನಮ್ಮ ಮುಂದೆ ಹರವುತ್ತಾನೆ. ಉತ್ತಮ ಸ್ಪೀಕರುಗಳ ಲೋಕದಲ್ಲಿ ಅಂಥ ಔದಾರ್ಯವಿಲ್ಲ. ನಾನು ಓದಿ, ವಿಚಾರಿಸಿ, ತೂಗಿ ಆರಿಸಿಟ್ಟುಕೊಂಡಿದ್ದವುಗಳಲ್ಲಿ ಊರಿನ ಈ ಭಾಗದಲ್ಲಿ ಕೇಳಲು ಸಿಕ್ಕಿದ್ದು ಬರೀ ಎರಡು ಜೋಡಿ. ಉಳಿದವನ್ನು ಕೇಳದೆಯೇ ತರಿಸಿಕೊಳ್ಳಬೇಕು; ಬಂದ ಮೇಲೆ ಹಿಡಿಸದಿದ್ದರೆ ಹಿಂದಿರುಗಿಸುವಂತಿಲ್ಲ. ಆ ಎರಡನ್ನಾದರೂ ಕೇಳಬೇಕಾದದ್ದು ಅಂಗಡಿಯವರು ಗೊತ್ತುಮಾಡಿದ ಹೊತ್ತಿನಲ್ಲಿ, ಸದ್ದು ನುಂಗುವ ಗೋಡೆಗಳ ಅವರದೇ ಕೋಣೆಯಲ್ಲಿ, ಅವರು ಆಯ್ದಿಟ್ಟ ಸಂಗೀತದಲ್ಲಿ.

ಆರ್.ಟಿ. ನಗರದ ಆ ಅಂಗಡಿಗೆ ಅಮ್ಮ ಹೆಗಲಿಗೆ ಪುಟ್ಟ ಸಿಲಿಂಡರು ತಗುಲಿಸಿಕೊಂಡೇ ಬಂದಳು. ಅಂಗಡಿಯ ಇಮ್ತಿಯಾಜ್ ಮೆತ್ತನೆಯ ಕುರ್ಚಿ ಎಳೆದು ಕೂರಿಸಿ, ಯಾವುದೋ ದೇಶದ ಗಿಟಾರು ಹಾಕಿದರು. ಒಂದೊಂದು ತಂತಿಯೂ ಮೈ ಸೋಕಿದಂತೆ ಕೇಳಿತು.

"ಚೆನ್ನಾಗಿದೆ ಕಣಪ್ಪ. ಆದ್ರೆ ನಮ್ಮನೇಲಿ ಗಿಟಾರ್ ಬಾರ್ಸೋರು ಯಾರೂ ಇಲ್ವಲ್ಲ," ಎಂದು ಅಮ್ಮ ಪೆನ್ ಡ್ರೈವ್ ಚಾಚಿದಳು.

"ಹಳೇ ಕ್ಯಾಸೆಟ್ ರೆಕಾರ್ಡಿಂಗಾ ಅಮ್ಮಾ? ಅದನ್ನ ಇದ್ರಲ್ಲಿ ಹಾಕಿದ್ರೆ ಸ್ಪೀಕರ್‌ಗೆ ಕೆಟ್ಟ ಹೆಸ್ರು ಬರುತ್ತೆ."

"ನನ್ ಹಾಡಿಂದ ಇದುವರ್ಗೂ ಯಾರ ಹೆಸ್ರೂ ಕೆಟ್ಟಿಲ್ಲ. ಹಾಕಪ್ಪ."

ಅವರು ನಕ್ಕು ಹಾಕಿದರು. ಮೊದಲನೆಯ ಜೋಡಿಯಲ್ಲಿ ಹಾಡು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ನುಣ್ಣಗಿತ್ತು. ಅಮ್ಮ ಕಣ್ಣು ಮುಚ್ಚಿ, ಬೆರಳಿನಲ್ಲಿ ತಾಳ ಹಾಕಿದಳು. ಅಷ್ಟಕ್ಕೇ ಎದ್ದು ಬಂದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ಎರಡನೆಯ ಜೋಡಿ ನಿರ್ದಾಕ್ಷಿಣ್ಯದ್ದು. ಟೇಪಿನ ಮುಪ್ಪೆಂದು ನಾವು ಭಾವಿಸಿದ್ದ ಆ ಸುಯ್ಯೆಂಬ ಸದ್ದು ಅದರಲ್ಲಿ ಹಾಡಿನಿಂದ ಬಿಡಿಸಿಕೊಂಡು, ಹಿಂದೆ ಸರಿದು, ತನ್ನ ಆಕಾರ ತೋರಿತು: ಏರುವ, ಇಳಿಯುವ, ಕಲ್ಲಿಗೆ ಕಚ್ಚಿದಾಗ ಕೀರುವ ಗರಗಸ. ಮಾಕಳಿಯ ನಮ್ಮ ಹಿತ್ತಲಿಗೆ ಗೋಡೆ ಹಂಚಿಕೊಂಡಿದ್ದ ಕಲ್ಲು ಕೊಯ್ಯುವ ಕಾರ್ಖಾನೆಯ ಗರಗಸ. ಪ್ರತಿ ನುಡಿಯ ಕೊನೆಗೆ ಮುಖ ತಿರುಗಿಸಿ, ಸೆರಗಿನೊಳಗೆ ಅದುಮಿದ ಒಂದೊಂದು ಕೆಮ್ಮು.

"ಅದು ರೆಕಾರ್ಡಿಂಗ್ ಪ್ರಾಬ್ಲಮ್ ಅಮ್ಮಾ, ಸ್ಪೀಕರ್‌ದಲ್ಲ," ಎಂದರು ಇಮ್ತಿಯಾಜ್, ತಗ್ಗಿದ ದನಿಯಲ್ಲಿ.

"ಅದು ಮಿಷಿನ್ ಕಣಪ್ಪ. ನಮ್ ಹಿತ್ಲು ಮಿಷಿನ್ನು." ಉಸಿರು ಹೊಂದಿಸಿಕೊಂಡು, ನನ್ನ ಕಡೆ ತಿರುಗಿ ಕೇಳಿದಳು: "ಅವಾಗ್ಲೇ ನಾನು ಕೆಮ್ತಿದ್ನೇನೇ?"

ಗರಗಸ ಶುರುವಾದೊಡನೆ ಶ್ರುತಿ ಏರಿಸುವುದು ನಮ್ಮ ಬೀದಿಯ ಹೆಂಗಸರ ರೂಢಿಯಾಗಿತ್ತು. ಯಾರೂ ಯಾರಿಗೂ ಹೇಳಿಕೊಡದೆ, ಧಾಟಿಯೇ ಹಾಗೆಂಬಂತೆ, ಎಲ್ಲರೂ ಒಟ್ಟಿಗೆ ಏರುತ್ತಿದ್ದರು. ಎಲ್ಲರಿಗಿಂತ ಮೇಲೇರುತ್ತಿದ್ದ ಅಮ್ಮನ ಕಂಠವನ್ನು ಊರೇ ಹೊಗಳಿತು. ಅದು ಯಾರೊಡನೆ ಜಿದ್ದಿಗೆ ಬಿದ್ದಿತ್ತೆಂದು ಯಾರೂ ಕೇಳಲಿಲ್ಲ. ಪ್ರತಿ ಏರಿಕೆಗೂ ಅವಳು ಎಷ್ಟು ಆಳವಾಗಿ ಗರಗಸದ ಬಿಳಿ ಕಲ್ಲುಧೂಳನ್ನು ಒಳಗೆಳೆದುಕೊಂಡಳೆಂದು ಯಾರೂ ಅಳೆಯಲಿಲ್ಲ. ಬೀದಿಯವರ ದೂರಿಗೆ ತಪಾಸಣೆಯೇನೋ ನಡೆಯಿತು. ಅಂದು ಕಾರ್ಖಾನೆಯ ಅಂಗಳಕ್ಕೆ ನೀರು ಚಿಮುಕಿಸಲಾಗಿತ್ತು, ಗರಗಸಕ್ಕೆ ವಿರಾಮವಿತ್ತು. ಬಂದ ಸರ್ಕಾರಿ ಅಧಿಕಾರಿ ಫ್ಯಾನಿನ ಕೆಳಗೆ ಕೂತು, ತಂಪು ಪಾನೀಯ ಕುಡಿದು, ಧೂಳಿಲ್ಲ, ಸದ್ದಿಲ್ಲ ಎಂದು ಷರಾ ಬರೆದು ಹೋದರು. ಅದೂ ಆಯ್ದ ಕೋಣೆ, ಆಯ್ದ ಹೊತ್ತು, ಆಯ್ದ ಸಂಗೀತವೇ. ಸ್ಪೀಕರಿನ ವ್ಯಾಪಾರಿ ನಮ್ಮನ್ನು ಹಾಗೆ ಕೂರಿಸಿದರೆ ಕೆಡುವುದು ಒಂದು ಹಜಾರದ ಸಂಜೆ. ಪ್ರಭುತ್ವವೇ ಹಾಗೆ ಕೂರಲು ಒಪ್ಪಿಕೊಂಡರೆ ಕೆಡುವುದು ಶ್ವಾಸಕೋಶ. ಅದರ ಹೊಣೆ ಯಾರದು? ಕಲ್ಲು ಕೊಯ್ದವನದೇ, ಕೇಳಿಸದಂತೆ ಕೂತವನದೇ, ಅಥವಾ ವರ್ಷಗಳ ನಂತರ ಅಡುಗೆಮನೆಯನ್ನು ನೋಡದೆಯೇ ಅಮ್ಮನ ರೋಗಕ್ಕೆ ಒಲೆಯ ಹೊಗೆ ಕಾರಣವೆಂದು ಸಲೀಸಾಗಿ ತೀರ್ಮಾನಿಸಿದ ವೈದ್ಯರದೇ?

ಇಷ್ಟೆಲ್ಲ ಕೆರಳುವ ನಾನು ಅಂಗಡಿಯಲ್ಲಿ ಹೇಳಿದ್ದೇನು ಗೊತ್ತೇ? "ಮೊದಲನೇದೇ ಇರಲಿ."

"ಎರಡನೇದು," ಎಂದಳು ಅಮ್ಮ.

"ಅದ್ರಲ್ಲಿ ಕೆಮ್ಮು ಕೇಳ್ಸುತ್ತಮ್ಮ."

"ಕೇಳ್ಲಿ. ಡಾಕ್ಟ್ರು ಒಲೆ ಹೊಗೆ ಅಂದ್ರಲ್ಲ, ಈ ಕೆಮ್ಮು ಬಂದಾಗ ನಾನು ಒಲೆ ಮುಂದೆ ಇರ್ಲಿಲ್ಲ ಕಣೇ. ಹಸೆ ಮುಂದೆ ಹಾಡ್ತಾ ಕೂತಿದ್ದೆ."

ಸ್ಪೀಕರುಗಳು ನಾಳೆ ಬರಲಿವೆ. ಸಮದೂರದಲ್ಲಿ, ಸರಿಯಾದ ಕೋನದಲ್ಲಿ ನಿಲ್ಲಿಸಿದರೆ ದನಿ ಎರಡು ಪೆಟ್ಟಿಗೆಗಳಿಂದ ಬಂದಂತೆ ತೋರದೆ, ಹಾಡುವವರೇ ಅವುಗಳ ನಡುವೆ ಬಂದು ಕೂತಂತೆ ಕೇಳುತ್ತದೆ ಎಂದು ಇಮ್ತಿಯಾಜ್ ಹೇಳಿಕೊಟ್ಟಿದ್ದಾರೆ. ಆದ್ದರಿಂದ ಇಂದು ಬೆಳಿಗ್ಗೆ ಚೌಕಗಳನ್ನು ಕಿತ್ತು, ಆಕ್ಸಿಜನ್ ಯಂತ್ರವನ್ನು ಅದಿರುವಲ್ಲೇ ಬಿಟ್ಟು, ಅದರಿಂದ ಅಳೆದು ಎರಡೂ ಬದಿಗೆ ಮತ್ತೆ ಅಂಟಿಸಿದ್ದೇನೆ. ಎದುರಿಗೆ, ಕೇಳುವವರ ಕುರ್ಚಿಗೆಂದು ಮೂರನೆಯದೊಂದು ಚೌಕವೂ ಬಿದ್ದಿದೆ. ಆ ಕುರ್ಚಿಯಲ್ಲಿ ಅಮ್ಮನ ನಂತರ ಕೂರಬೇಕಾದವರು ಯಾರೆಂದು ನನಗೆ ಗೊತ್ತು. ಅಂದು ಷರಾ ಬರೆದ ಅವರಿಗೆ ತಂಪು ಪಾನೀಯವನ್ನು ಈ ಸಲ ನಾನೇ ಕೊಡುತ್ತೇನೆ. ಅಮ್ಮನ ಯಂತ್ರವನ್ನು ಮಾತ್ರ ನಿಲ್ಲಿಸುವುದಿಲ್ಲ.