ಕುರಿ ಮೇಯುವ ಹಾಗೆ

ಹೊಳಲ್ಕೆರೆ ಸಂತೆಯಿಂದ ತಂದ ಬೆರಕೆ ಸೊಪ್ಪು ಬೇಯುತ್ತಿದ್ದಂತೆ ತುರುವನೂರಿನ ಅಜ್ಜಿಯ ಸೆರಗಿನ ವಾಸನೆ ಬಂತು. ಕುರಿ ಕಾಯುತ್ತಲೇ ಅವಳು ಹೊಲದ ಬದುವಿನಲ್ಲಿ ಅಣ್ಣೆ, ಹೊನಗೊನ್ನೆ, ಗೋಣಿಸೊಪ್ಪು ಕಿತ್ತು ಮಡಿಲಿಗೆ ತುಂಬುತ್ತಿದ್ದಳು. ನಾನು ಒಂದೇ ಸೊಪ್ಪು ಕೀಳುತ್ತ ಕೂತರೆ ತಲೆಗೆ ಮೊಟಕುತ್ತಿದ್ದಳು.

"ಕುರಿ ನೋಡೇ, ಒಂದೇ ಗಿಡದ ಮುಂದೆ ನಿಂತ್ಕಂಡು ಮೇಯ್ತಾವೇನು? ಇಲ್ಲೊಂದ್ ಬಾಯಿ, ಅಲ್ಲೊಂದ್ ಬಾಯಿ. ಅದ್ಕೇ ಗಟ್ಟಿಯಾಗವೆ."

ನನ್ನ ಮಗಳಿಗೆ ಆಲೂಗಡ್ಡೆ ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯುವುದಿಲ್ಲ. ರಕ್ತ ಕಡಿಮೆಯಿದೆ, ಸೊಪ್ಪು ತರಕಾರಿ ಎಲ್ಲ ತಿನ್ನಿಸಿ ಎಂದಿದ್ದಾರೆ ಡಾಕ್ಟರು. ಬೇಡಿದೆ, ಬೈದೆ, ಅವಳ ಮುಂದೆ ಅತ್ತೂಬಿಟ್ಟೆ. ಇವತ್ತು ಬೇರೆ ದಾರಿ ಕಾಣದೆ ಅಜ್ಜಿಯ ಮಾತು ಹೇಳಿ, ಕುರಿಯಂತೆ ಬಗ್ಗಿ ಅವಳ ತಟ್ಟೆಗೇ ಬಾಯಿ ಹಾಕಿದೆ.

ಅವಳು ನಗಲಿಲ್ಲ. ತಟ್ಟೆಯನ್ನು ನನ್ನತ್ತ ತಳ್ಳಿ, "ಎಲ್ಲಾ ನೀನೇ ಮೇಯಮ್ಮ" ಅಂದಳು.